ಸ್ಕಾಲರ್‌ಶಿಪ್ ಕೊಡ್ತಾರಂತೆ, ಕೆಲಸ ಬಿಡ್ಲಾ?

ಪಿಯುಸಿ, ಸಿಇಟಿ ಫಲಿತಾಂಶ ಬರುವ ದಿನಗಳಲ್ಲಿ ನಮ್ಮ ಸ್ಟುಡಿಯೋದಲ್ಲಿ ಶಿಕ್ಷಣದ ಬಗ್ಗೆ ಗಂಟೆಗಟ್ಟಲೆ ಚರ್ಚೆ ನಡೆಯುತ್ತೆ. ಮಾತೆಲ್ಲ ಹದಿನೆಂಟರ ಮಕ್ಕಳ ಬಗ್ಗೆಯೇ. ಆದರೆ ಫೋನ್ ಲೈನ್ ತೆರೆದಾಗ ಬರೋ ಕರೆಗಳಲ್ಲಿ ಇಪ್ಪತ್ತೆಂಟು, ಮೂವತ್ತು ದಾಟಿದವರದ್ದೂ ಇರುತ್ತೆ. ಸ್ವಲ್ಪ ಸಂಕೋಚದಿಂದಲೇ ಕೇಳ್ತಾರೆ. ‘ಸರ್, ನಾನು ಬ್ಯಾಂಕ್‌ನಲ್ಲಿದ್ದೀನಿ. ಮೊದಲಿಂದಲೂ ಡಿಸೈನ್ ಇಷ್ಟ. ಒಂದು ಕಾಲೇಜಿನವರು ಐವತ್ತು ಪರ್ಸೆಂಟ್ ಸ್ಕಾಲರ್‌ಶಿಪ್ ಕೊಡ್ತೀವಿ ಅಂತಿದ್ದಾರೆ. ಗ್ರಾಫಿಕ್ ಡಿಸೈನ್ ಓದೋಕೆ ಕೆಲಸ ಬಿಡ್ಲಾ?’

ಬಿಡಿ ಅಂತಲೂ, ಬಿಡಬೇಡಿ ಅಂತಲೂ ಹೇಳೋ ಹಕ್ಕು ನನಗಿಲ್ಲ. ಅವರ ಮನೆ ಬಾಡಿಗೆ ಕಟ್ಟೋದು ನಾನಲ್ಲ. ಆದರೆ ಆ ಪ್ರಶ್ನೆಯೊಳಗಿರೋ ಒಂದು ಪದವನ್ನು ಬಿಡಿಸಿ ನೋಡಲೇಬೇಕು. ಆ ಪದ ‘ಸ್ಕಾಲರ್‌ಶಿಪ್’. ನಾಲ್ಕು ಬೇರೆ ಬೇರೆ ವ್ಯವಹಾರಗಳಿಗೆ ನಾವು ಇದೊಂದೇ ಹೆಸರು ಇಟ್ಟಿದ್ದೀವಿ. ಅದರಲ್ಲಿ ಯಾವುದು ನಿಮ್ಮ ಕೈಯಲ್ಲಿದೆ ಅನ್ನೋದು ಗೊತ್ತಾಗದೆ ರಾಜೀನಾಮೆ ಪತ್ರ ಬರೆಯೋದು ಅಪಾಯ.

ಮೊದಲು ಈ ಗ್ರಾಫಿಕ್ ಡಿಸೈನ್ ಅಂದ್ರೆ ಏನು ಅಂತ ನೋಡೋಣ. ಕಂಪ್ಯೂಟರ್‌ನಲ್ಲಿ ಚೆಂದದ ಚಿತ್ರ ಮಾಡೋದು ಅಂತ ಬಹಳ ಜನ ಅಂದುಕೊಂಡಿದ್ದಾರೆ. ನಮ್ಮ ಚಾನೆಲ್ ಪರದೆಯನ್ನೇ ನೋಡಿ. ಕೆಳಗೆ ಓಡೋ ಸ್ಕ್ರಾಲ್, ಅತಿಥಿಯ ಹೆಸರು ತೋರಿಸೋ ಪಟ್ಟಿ, ಬ್ರೇಕಿಂಗ್ ನ್ಯೂಸ್ ಪ್ಲೇಟ್, ಚುನಾವಣೆ ದಿನದ ಅಂಕಿಸಂಖ್ಯೆ ಎಲ್ಲವೂ ಒಬ್ಬ ಡಿಸೈನರ್ ಮಾಡಿದ ತೀರ್ಮಾನ. ಇಂಗ್ಲಿಷ್ ಅಕ್ಷರಕ್ಕೆ ಅಂತ ಅಳತೆ ಮಾಡಿದ ಪಟ್ಟಿಯಲ್ಲಿ ‘ರಾಷ್ಟ್ರೀಯ’ ಅಂತ ಬರೆದು ನೋಡಿ. ಕೆಳಗಿನ ಒತ್ತಕ್ಷರ ಅರ್ಧಕ್ಕೇ ಕತ್ತರಿಸಿ ಹೋಗುತ್ತೆ. ಪಟ್ಟಿ ದೊಡ್ಡದು ಮಾಡಿದ್ರೆ ಮುಖ ಮುಚ್ಚುತ್ತೆ, ಅಕ್ಷರ ಸಣ್ಣದು ಮಾಡಿದ್ರೆ ಮನೇಲಿ ಕೂತ ಅಜ್ಜಿಗೆ ಕಾಣಲ್ಲ. ಈ ತಿಕ್ಕಾಟ ಬಗೆಹರಿಸೋದೇ ಗ್ರಾಫಿಕ್ ಡಿಸೈನ್. ಸಾಫ್ಟ್‌ವೇರ್ ಕಲಿಯೋಕೆ ಆರು ತಿಂಗಳು ಸಾಕು. ಹೀಗೆ ಯೋಚಿಸೋದನ್ನು ಕಲಿಯೋಕೆ ವರ್ಷಗಳು ಬೇಕು.

ಈ ಓದಿಗೆ ನಮ್ಮ ದೇಶದಲ್ಲಿ ಒಳ್ಳೆಯ ಇತಿಹಾಸವೇ ಇದೆ. 1958ರಲ್ಲಿ ಅಮೆರಿಕದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿ ಭಾರತ ಸರ್ಕಾರಕ್ಕೆ ಒಂದು ವರದಿ ಕೊಟ್ಟರು. ಅದನ್ನು ಹಿಡಿದು 1961ರಲ್ಲಿ ಅಹಮದಾಬಾದ್‌ನಲ್ಲಿ ಎನ್‌ಐಡಿ, ಅಂದರೆ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಹುಟ್ಟಿತು. 1969ರಲ್ಲಿ ಐಐಟಿ ಬಾಂಬೆಯಲ್ಲಿ ಐಡಿಸಿ ಶುರುವಾಯಿತು. ನಿಮ್ಮ ಜೇಬಿನ ನೋಟಿನ ಮೇಲಿರೋ ರೂಪಾಯಿ ಚಿಹ್ನೆ ಇದೆಯಲ್ಲ, ಅದನ್ನು ಬರೆದ ಡಿ. ಉದಯ ಕುಮಾರ್ ಈ ಐಡಿಸಿಯವರೇ. ದೇವನಾಗರಿಯ ‘ರ’ ಮತ್ತು ರೋಮನ್ನಿನ ‘ಆರ್’ ಎರಡೂ ಸೇರಿದ ಆ ಚಿಹ್ನೆಯನ್ನು ಸರ್ಕಾರ 2010ರ ಜುಲೈ 15ರಂದು ಒಪ್ಪಿಕೊಂಡಿತು. ಉದಯ ಕುಮಾರ್ ಮೊದಲು ಓದಿದ್ದು ಆರ್ಕಿಟೆಕ್ಚರ್. ಆಮೇಲೆ ದೃಶ್ಯ ಸಂವಹನದ ಕಡೆ ಬಂದರು. ಕನ್ನಡಕ್ಕೂ ಇಲ್ಲಿ ನಂಟಿದೆ. ವಿಂಡೋಸ್ ಜೊತೆ ಬರ್ತಿದ್ದ ‘ತುಂಗಾ’ ಫಾಂಟ್ ನೆನಪಿದೆಯಾ? ಅದರ ಹಿಂದೆ ಇದ್ದವರು ಆರ್.ಕೆ. ಜೋಶಿ. ಜಾಹೀರಾತು ಲೋಕದಲ್ಲಿ ದುಡಿದು, ನಂತರ ಐಡಿಸಿಯಲ್ಲಿ ಪಾಠ ಮಾಡಿದವರು.

ಅಂದರೆ ಬೇರೆ ಕಡೆಯಿಂದ ಈ ಕ್ಷೇತ್ರಕ್ಕೆ ಬರೋದು ಹೊಸದೇನಲ್ಲ, ತಡವೂ ಅಲ್ಲ. ಈಗ ದುಡ್ಡಿನ ವಿಷಯಕ್ಕೆ ಬರೋಣ.

ಮೊದಲನೆಯದು, ನಿಜವಾದ ಸ್ಟೈಪೆಂಡ್. ತಿಂಗಳು ತಿಂಗಳು ನಿಮ್ಮ ಖಾತೆಗೆ ಬೀಳೋ ಹಣ, ವಾಪಸ್ ಕೊಡಬೇಕಿಲ್ಲ. ಐಐಟಿಗಳಲ್ಲಿ ಎಂ.ಡೆಸ್ ಓದೋಕೆ ‘ಸೀಡ್’ ಅನ್ನೋ ಪ್ರವೇಶ ಪರೀಕ್ಷೆ ಇದೆ. ಅದರಲ್ಲಿ ಅರ್ಹತೆ ಪಡೆದು ಸೇರಿದವರಿಗೆ ತಿಂಗಳಿಗೆ 12,400 ರೂಪಾಯಿ ಸಿಗೋ ವ್ಯವಸ್ಥೆ ಇದೆ. ಅದಕ್ಕೆ ಬದಲಾಗಿ ವಾರಕ್ಕೆ ಕೆಲವು ಗಂಟೆ ವಿಭಾಗದ ಕೆಲಸ ಮಾಡಿಕೊಡಬೇಕು. ಎಐಸಿಟಿಇ ಮಾನ್ಯತೆ ಇರೋ ಇತರ ಕಾಲೇಜುಗಳಿಗೆ ಸೀಡ್ ಅಂಕದ ಮೇಲೆ ಸೇರಿದವರಿಗೂ ಎಐಸಿಟಿಇಯ ಪಿಜಿ ಸ್ಕಾಲರ್‌ಶಿಪ್ ಇದೆ, ಮೊತ್ತ ಅಷ್ಟೇ. 24 ತಿಂಗಳಿಗೆ ಲೆಕ್ಕ ಹಾಕಿದ್ರೆ 2,97,600 ರೂಪಾಯಿ. ಸಂಬಳಕ್ಕೆ ಇದು ಸಮ ಅಲ್ಲ, ಒಪ್ಪಿಕೊಳ್ಳೋಣ. ಆದರೆ ಊಟ, ಹಾಸ್ಟೆಲ್‌ಗೆ ಮನೆಯವರ ಮುಂದೆ ಕೈಚಾಚೋದು ಬಹುಮಟ್ಟಿಗೆ ತಪ್ಪುತ್ತೆ.

ಉದ್ಯೋಗ ಬದಲಿಸೋರಿಗೆ ಸೀಡ್‌ನಲ್ಲಿ ಇನ್ನೊಂದು ಅನುಕೂಲ ಇದೆ. ಪರೀಕ್ಷೆ ಬರೆಯೋಕೆ ವಯಸ್ಸಿನ ಮಿತಿ ಇಲ್ಲ. ಎಷ್ಟು ಸಲ ಬೇಕಾದ್ರೂ ಬರೆಯಬಹುದು. ಕನಿಷ್ಠ ಮೂರು ವರ್ಷದ ಪದವಿ ಅಥವಾ ಡಿಪ್ಲೊಮಾ ಇದ್ದರೆ ಸಾಕು. ಬಿ.ಕಾಂ ಆದರೂ ಸರಿ, ಎಂಜಿನಿಯರಿಂಗ್ ಆದರೂ ಸರಿ. ಪರೀಕ್ಷೆ ಜನವರಿಯಲ್ಲಿ, ಅರ್ಜಿ ಹಿಂದಿನ ವರ್ಷವೇ ಹಾಕಬೇಕು. ಅಂಕ ಒಂದು ವರ್ಷ ಮಾತ್ರ ಚಾಲ್ತಿಯಲ್ಲಿರುತ್ತೆ. ಒಂದು ಭಾಗ ಕಂಪ್ಯೂಟರ್‌ನಲ್ಲಿ, ಇನ್ನೊಂದು ಭಾಗ ಕೈಯಲ್ಲೇ ಬಿಡಿಸಿ, ಬರೆದು ತೋರಿಸೋದು. ಆದರೆ ಎನ್‌ಐಡಿಯ ಎಂ.ಡೆಸ್‌ಗೆ ಹೋಗೋದಾದ್ರೆ ಎಚ್ಚರ. ಅಲ್ಲಿ ಬೇರೆ ಪರೀಕ್ಷೆ, ವಯಸ್ಸಿನ ಮಿತಿಯೂ ಇದೆ. ಮೂವತ್ತರ ಆಸುಪಾಸಿನವರು ಆ ವರ್ಷದ ಅಧಿಸೂಚನೆಯಲ್ಲಿ ಮೊದಲು ನೋಡಬೇಕಾದ್ದು ಅದನ್ನೇ. ಹಾಗೆಯೇ ಬೆಂಗಳೂರಿನ ಐಐಎಸ್‌ಸಿಯಲ್ಲೂ ಎಂ.ಡೆಸ್ ಇದೆ, ಮನೆಗೆ ಹತ್ತಿರ ಅಂತ ಖುಷಿಪಡಬೇಡಿ. ಅದು ವಸ್ತುಗಳ ವಿನ್ಯಾಸದ ಕೋರ್ಸು. ಅಕ್ಷರ, ಪುಸ್ತಕ, ಪರದೆ ನಿಮ್ಮ ಆಸೆಯಾದ್ರೆ ದೃಶ್ಯ ಸಂವಹನ ಅಥವಾ ಗ್ರಾಫಿಕ್ ಡಿಸೈನ್ ಇರೋ ಕಡೆಯೇ ಹೋಗಬೇಕು.

ಎರಡನೆಯದು, ಸರ್ಕಾರದ ಶುಲ್ಕ ನೆರವು. ನಮ್ಮ ರಾಜ್ಯದಲ್ಲಿ ಎಸ್‌ಎಸ್‌ಪಿ ಪೋರ್ಟಲ್ ಮೂಲಕ ಬರೋ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಈ ಬಗೆಯದು. ಇಲ್ಲಿ ಜಾತಿ, ಆದಾಯ ಪ್ರಮಾಣಪತ್ರ ಕೇಳ್ತಾರೆ. ಪಿಯುಸಿ ಮುಗಿಸಿದ ಹುಡುಗನಿಗೆ ಇದು ಸುಲಭ. ಹತ್ತು ವರ್ಷ ದುಡಿದವರಿಗೆ ಅಷ್ಟು ಸುಲಭ ಅಲ್ಲ. ನಿಮ್ಮ ಸಂಬಳವೇ ಮನೆಯ ಆದಾಯದ ದೊಡ್ಡ ಭಾಗ ಆಗಿರುತ್ತೆ, ಕೆಲಸ ಬಿಟ್ಟ ಮಾರನೇ ದಿನ ಕಾಗದದ ಮೇಲೆ ಅದು ಮಾಯ ಆಗಲ್ಲ. ಆದ್ದರಿಂದ ‘ಸರ್ಕಾರದ್ದು ಬಂದೇ ಬರುತ್ತೆ’ ಅಂತ ಲೆಕ್ಕದಲ್ಲಿ ಮೊದಲೇ ಸೇರಿಸಿಕೊಳ್ಳಬೇಡಿ. ನಾಡಕಚೇರಿ, ಕಾಲೇಜು ಕಚೇರಿ ಎರಡೂ ಕಡೆ ಕೇಳಿ ಖಚಿತ ಮಾಡಿಕೊಳ್ಳಿ.

ಮೂರನೆಯದು, ಸಾಲ. ಹೌದು, ಹೆಸರಲ್ಲಿ ಸ್ಕಾಲರ್‌ಶಿಪ್ ಇದ್ದರೂ ಕೆಲವು ಸಾಲವೇ. 1892ರಲ್ಲಿ ಶುರುವಾದ ಜೆ.ಎನ್. ಟಾಟಾ ಎಂಡೋಮೆಂಟ್ ವಿದೇಶದಲ್ಲಿ ಓದೋರಿಗೆ ಕೊಡೋದು ‘ಲೋನ್ ಸ್ಕಾಲರ್‌ಶಿಪ್’. ಅದೊಂದು ಗೌರವದ ಸಂಸ್ಥೆ, ಹೆಸರಲ್ಲೇ ಸಾಲ ಅಂತ ಸ್ಪಷ್ಟವಾಗಿ ಹೇಳಿದೆ. ನಾವು ಓದುವಾಗ ಮೊದಲ ಪದ ಬಿಟ್ಟು ಎರಡನೇ ಪದ ಮಾತ್ರ ಓದ್ತೀವಿ, ಅಷ್ಟೇ. ಇದಕ್ಕೆ ಪೂರ್ತಿ ಬೇರೆಯಾದದ್ದು ಬ್ರಿಟನ್ ಸರ್ಕಾರದ ಚೀವನಿಂಗ್. ಅದು ಒಂದು ವರ್ಷದ ಮಾಸ್ಟರ್ಸ್‌ಗೆ ಕೊಡೋ ಪೂರ್ಣ ನೆರವು. ಅಲ್ಲಿ ಎರಡು ವರ್ಷದ ಕೆಲಸದ ಅನುಭವ ಇರಲೇಬೇಕು. ಅಂದರೆ ನೀವು ‘ವ್ಯರ್ಥವಾಯ್ತು’ ಅಂದುಕೊಂಡ ಆ ಬ್ಯಾಂಕಿನ ವರ್ಷಗಳೇ ಅಲ್ಲಿ ಅರ್ಹತೆ! ಆದರೆ ಓದು ಮುಗಿದ ಮೇಲೆ ಕನಿಷ್ಠ ಎರಡು ವರ್ಷ ತಾಯ್ನಾಡಿಗೆ ಮರಳಬೇಕು ಅನ್ನೋ ಷರತ್ತಿದೆ. ಜರ್ಮನಿಯ ಡಾಡ್ ಸಂಸ್ಥೆಯಲ್ಲೂ ಕಲೆ, ವಿನ್ಯಾಸ, ದೃಶ್ಯ ಸಂವಹನಕ್ಕೆ ಅಂತಲೇ ಪ್ರತ್ಯೇಕ ವಿದ್ಯಾರ್ಥಿವೇತನ ಇದೆ.

ನಾಲ್ಕನೆಯದು ಬಹಳ ಜನಕ್ಕೆ ಫೋನ್ ಬರೋದು. ರಿಯಾಯಿತಿ! ಹಬ್ಬದ ಸೀಸನ್‌ನಲ್ಲಿ ಸೀರೆ ಅಂಗಡಿಯವರು ಬೋರ್ಡ್ ಹಾಕೋ ಹಾಗೆ. ಒಂದು ಉದಾಹರಣೆ ತಗೊಳ್ಳಿ. ಖಾಸಗಿ ಕಾಲೇಜೊಂದರ ಶುಲ್ಕ ವರ್ಷಕ್ಕೆ ಐದು ಲಕ್ಷ, ಕೋರ್ಸ್ ನಾಲ್ಕು ವರ್ಷ ಅಂತಿಟ್ಟುಕೊಳ್ಳೋಣ. ಐವತ್ತು ಪರ್ಸೆಂಟ್ ‘ಸ್ಕಾಲರ್‌ಶಿಪ್’ ಅಂದ್ರೂ ನೀವು ಕಟ್ಟೋದು ಹತ್ತು ಲಕ್ಷ. ಅದೂ ನಾಲ್ಕೂ ವರ್ಷ ಸಿಕ್ಕಿದರೆ. ಮೊದಲ ವರ್ಷಕ್ಕೆ ಮಾತ್ರ ಅಂತಾದ್ರೆ ಹದಿನೇಳೂವರೆ ಲಕ್ಷ. ಹಾಸ್ಟೆಲ್, ಲ್ಯಾಪ್‌ಟಾಪ್, ಪ್ರಿಂಟಿಂಗ್ ಖರ್ಚು ಬೇರೆ. ಅದರ ಮೇಲೆ ನಾಲ್ಕು ವರ್ಷದ ಸಂಬಳ ಕೈಬಿಟ್ಟಿರ್ತೀರಿ. ತಿಂಗಳಿಗೆ ಮೂವತ್ತು ಸಾವಿರ ಅಂದ್ರೂ ಹದಿನಾಲ್ಕು ಲಕ್ಷ ದಾಟುತ್ತೆ. ಈಗ ಹೇಳಿ, ಇದು ವಿದ್ಯಾರ್ಥಿವೇತನವಾ?

ಎಲ್ಲ ಖಾಸಗಿ ಕಾಲೇಜೂ ಮೋಸ ಅಂತ ನಾನು ಹೇಳ್ತಿಲ್ಲ. ಒಳ್ಳೆಯ ಮೇಷ್ಟ್ರು, ಒಳ್ಳೆಯ ಪ್ರಯೋಗಾಲಯ ಇರೋ ಕಡೆ ಹಣ ಕೊಟ್ಟು ಓದೋದ್ರಲ್ಲಿ ತಪ್ಪೇನೂ ಇಲ್ಲ. ಆದರೆ ನಾಲ್ಕು ಪ್ರಶ್ನೆಗೆ ಉತ್ತರವನ್ನು ಬರಹದಲ್ಲಿ ಕೇಳಿ. ರಿಯಾಯಿತಿ ಎಷ್ಟು ವರ್ಷಕ್ಕೆ? ಬರೀ ಬೋಧನಾ ಶುಲ್ಕಕ್ಕಾ, ಹಾಸ್ಟೆಲ್‌ಗೂ ಸೇರಿಯಾ? ಮುಂದುವರಿಯೋಕೆ ಎಷ್ಟು ಅಂಕ ಬೇಕು? ಮಧ್ಯದಲ್ಲಿ ಬಿಟ್ಟರೆ ಕಟ್ಟಿದ ಹಣ ಏನಾಗುತ್ತೆ? ಫೋನಿನಲ್ಲಿ ಸಿಹಿಯಾಗಿ ಮಾತಾಡಿ, ಇ-ಮೇಲ್‌ನಲ್ಲಿ ಬರೆದುಕೊಡಿ ಅಂದ ಕೂಡಲೇ ನುಣುಚಿಕೊಂಡರೆ ನಿಮಗೆ ಉತ್ತರ ಸಿಕ್ಕಂತೆಯೇ.

ಬ್ಯಾಂಕ್ ಸಾಲ ತಗೊಳ್ಳೋರು ಇನ್ನೂ ಒಂದು ತಿಳ್ಕೊಳ್ಳಿ. ಕಂತು ಕಟ್ಟೋದು ಸಾಮಾನ್ಯವಾಗಿ ಕೋರ್ಸ್ ಮುಗಿದ ಮೇಲೆಯೇ ಶುರು. ಆದರೆ ಬಡ್ಡಿ ನೀವು ಕ್ಲಾಸಿನಲ್ಲಿ ಕೂತಾಗಲೇ ಬೆಳೀತಿರುತ್ತೆ. ಜೊತೆಗೆ, ರಾಜೀನಾಮೆ ಕೊಟ್ಟರೆ ಕಂಪನಿಯ ಆರೋಗ್ಯ ವಿಮೆಯೂ ಹೋಗುತ್ತೆ. ಅಪ್ಪ ಅಮ್ಮ ಆ ವಿಮೆಯಲ್ಲೇ ಇದ್ದರೆ, ಬೇರೆ ಪಾಲಿಸಿ ಕೈಗೆ ಬರೋ ತನಕ ಕೆಲಸ ಬಿಡಬೇಡಿ. ಈ ಒಂದು ವಿಷಯ ಮರೆತು, ಆಸ್ಪತ್ರೆ ಬಿಲ್ ಬಂದಾಗ ಓದು ಅರ್ಧಕ್ಕೆ ನಿಲ್ಲಿಸೋ ಪರಿಸ್ಥಿತಿ ಯಾರಿಗೂ ಬೇಡ.

‘ಎಐ ಬಂದಿದೆ, ಇನ್ನು ಡಿಸೈನರ್ ಯಾಕೆ?’ ಅಂತ ಮನೆಯಲ್ಲಿ ಕೇಳೇ ಕೇಳ್ತಾರೆ. ನ್ಯಾಯವಾದ ಪ್ರಶ್ನೆ. ಹುಟ್ಟುಹಬ್ಬದ ಬ್ಯಾನರ್, ದಿಢೀರ್ ಲೋಗೊ ಮಾಡೋ ಕೆಲಸಕ್ಕೆ ಪೆಟ್ಟು ಬಿದ್ದಿರೋದು ನಿಜ. ಆದರೆ ಅದೇ ಯಂತ್ರಕ್ಕೆ ಕನ್ನಡದಲ್ಲಿ ಒಂದು ಪೋಸ್ಟರ್ ಮಾಡು ಅಂತ ಹೇಳಿ ನೋಡಿ. ಒತ್ತಕ್ಷರ ಎಲ್ಲೋ, ದೀರ್ಘ ಎಲ್ಲೋ ಬಂದಿದ್ದನ್ನು ನೀವೂ ಮೊಬೈಲ್‌ನಲ್ಲಿ ನೋಡಿ ನಕ್ಕಿರ್ತೀರಿ. ನಾಳೆ ಅದೂ ಸರಿಹೋಗಬಹುದು. ಆಗಲೂ ರೈತನಿಗೆ ವಿಮೆ ಅರ್ಜಿ ಅರ್ಥವಾಗುವ ಹಾಗೆ, ರೋಗಿಗೆ ಆಸ್ಪತ್ರೆ ಬೋರ್ಡ್ ದಾರಿ ತೋರಿಸುವ ಹಾಗೆ ಮಾಡೋಕೆ, ಆ ರೈತನನ್ನೂ ರೋಗಿಯನ್ನೂ ಬಲ್ಲವರು ಬೇಕು. ಬ್ಯಾಂಕಿನ ಕೌಂಟರ್‌ನಲ್ಲಿ ಐದು ವರ್ಷ ಕೂತವನಿಗೆ ಜನ ಚಲನ್ ತುಂಬೋಕೆ ಎಲ್ಲಿ ತಡವರಿಸ್ತಾರೆ ಅನ್ನೋದು ಚೆನ್ನಾಗಿ ಗೊತ್ತು. ಇಪ್ಪತ್ತೆರಡರ ಹುಡುಗನ ಬಳಿ ಇಲ್ಲದ ಬಂಡವಾಳ ಅದು. ಪೋರ್ಟ್‌ಫೋಲಿಯೊದಲ್ಲಿ ಹೂವು, ಸೂರ್ಯಾಸ್ತ ತುಂಬಿಸೋ ಬದಲು ಆ ಚಲನ್ ಅನ್ನೇ ಹೊಸದಾಗಿ ಮಾಡಿ ತೋರಿಸಿ. ಸಂದರ್ಶನದಲ್ಲಿ ನಿಮ್ಮ ಹಳೇ ಕೆಲಸವೇ ನಿಮ್ಮ ಪರವಾಗಿ ಮಾತಾಡುತ್ತೆ.

ಹಾಗಾದ್ರೆ ಎಲ್ಲಿಂದ ಶುರು ಮಾಡೋದು? ಕೆಲಸದಲ್ಲಿದ್ದುಕೊಂಡೇ ಒಂದು ವರ್ಷ ತಯಾರಿ ಮಾಡಿ. ಬೆಳಗ್ಗೆ ಒಂದು ಗಂಟೆ ಕೈಯಲ್ಲಿ ಚಿತ್ರ ಬಿಡಿಸಿ, ಭಾನುವಾರ ಪೋರ್ಟ್‌ಫೋಲಿಯೊಗೆ ಕೂರಿ. ಒಂದು ಸಲ ಪರೀಕ್ಷೆ ಬರೆಯಿರಿ. ಸೀಟು ಸಿಗದಿದ್ದರೆ ಹೋಗೋದು ಅರ್ಜಿ ಶುಲ್ಕ ಮಾತ್ರ, ಸಂಬಳ ಹಾಗೇ ಇರುತ್ತೆ. ಸಿಕ್ಕರೆ, ಆಫರ್ ಲೆಟರ್ ಮೇಜಿನ ಮೇಲಿಟ್ಟು ಮನೆಯವರ ಜೊತೆ ಕೂತು, ನಾಲ್ಕು ಬಗೆಯಲ್ಲಿ ನಿಮಗೆ ಸಿಕ್ಕಿದ್ದು ಯಾವುದು ಅಂತ ಬರೆದು ನೋಡಿ. ಆ ಲೆಕ್ಕ ಹೆಂಡತಿಗೂ, ಅಪ್ಪನಿಗೂ ಅರ್ಥವಾಗಿ ಅವರು ಹೂಂ ಅಂದ ದಿನ ರಾಜೀನಾಮೆ ಬರೆಯಿರಿ. ಅಲ್ಲಿಯವರೆಗೆ ಕೆಲಸ ಇರಲಿ.