ಮೀನನ್ನು ಉಪ್ಪುನೀರಿನಲ್ಲಿ ನೆನೆಸಿ ಹೊಗೆಯಾಡಿಸುವುದು

ಮೀನನ್ನು ಉಪ್ಪುನೀರಿನಲ್ಲಿ ನೆನೆಸಿ ಹೊಗೆಯಾಡಿಸುವುದು ಆಹಾರ ಸಂರಕ್ಷಣೆಯ ಪುರಾತನ ವಿಧಾನಗಳಲ್ಲಿ ಒಂದು. ಉಪ್ಪು ಮೀನಿನ ಮಾಂಸದಲ್ಲಿರುವ ನೀರನ್ನು ಸೂಕ್ಷ್ಮಜೀವಿಗಳಿಗೆ ದಕ್ಕದಂತೆ ಮಾಡುತ್ತದೆ. ಹೊಗೆಯು ಮೇಲ್ಮೈಯನ್ನು ಒಣಗಿಸಿ ಬಣ್ಣವನ್ನೂ ಪರಿಮಳವನ್ನೂ ಕೊಡುತ್ತದೆ. ಯೂರೋಪ್ ಮತ್ತು ಉತ್ತರ ಅಮೆರಿಕದ ಶೀತ ಪ್ರದೇಶಗಳಲ್ಲಿ ಸಾಲ್ಮನ್ ಮೀನನ್ನು ಹೀಗೆ ಸಂಸ್ಕರಿಸುವುದು ವಾಡಿಕೆ. ಕರ್ನಾಟಕದಲ್ಲಿ ಉಪ್ಪು ಹಾಕಿ ಬಿಸಿಲಿನಲ್ಲಿ ಒಣಗಿಸುವ ಪದ್ಧತಿಯೇ ಪ್ರಧಾನವಾದುದು.

ಹಿನ್ನೆಲೆ

ಕರಾವಳಿಯಲ್ಲಿ ಮಳೆಗಾಲದ ಕಡಲು ಪ್ರಕ್ಷುಬ್ಧವಾಗಿರುತ್ತದೆ. ಈಗ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವೂ ಇದೆ. ಆ ತಿಂಗಳುಗಳಿಗಾಗಿ ಬೇಸಿಗೆಯಲ್ಲೇ ಮೀನನ್ನು ಉಪ್ಪಿನಲ್ಲಿಟ್ಟು ಒಣಗಿಸಿ ಕೂಡಿಡುವುದು ಕರಾವಳಿಯ ಮತ್ತು ಮಲೆನಾಡಿನ ಮನೆಗಳ ರೂಢಿ. ತುಳುವಿನಲ್ಲಿ ಒಣಮೀನಿಗೆ 'ನುಂಗೆಲ್' ಎಂಬ ಹೆಸರಿದೆ. ಗೋಕರ್ಣದ ಸಮೀಪದ ಸಾಣಿಕಟ್ಟೆಯ ಉಪ್ಪಿನ ಆಗರಗಳು ಈ ತೀರದ ಉಪ್ಪಿನ ಹಳೆಯ ನೆಲೆ.

ಬ್ರಿಟಿಷರ ಕಾಲದಲ್ಲಿ ಉಪ್ಪಿನ ಮೇಲಿನ ಸುಂಕದಿಂದಾಗಿ ಬಡ ಮೀನುಗಾರರು ಸಾಕಷ್ಟು ಉಪ್ಪು ಬಳಸಲಾರದೆ ಹೋದರು. ಅರೆ ಉಪ್ಪಿನ ಮೀನು ಬೇಗನೆ ಕೆಡುತ್ತಿತ್ತು. ಹೀಗಾಗಿ 19ನೆಯ ಶತಮಾನದ ಕೊನೆಯ ದಶಕಗಳಲ್ಲಿ ಮದ್ರಾಸ್ ಸರ್ಕಾರವು ದಕ್ಷಿಣ ಕನ್ನಡವೂ ಸೇರಿದಂತೆ ತೀರದ ಜಿಲ್ಲೆಗಳಲ್ಲಿ ಮೀನು ಉಪ್ಪು ಹಾಕುವ ಅಂಗಳಗಳನ್ನು ತೆರೆದು, ಅವುಗಳ ಒಳಗೆ ಸುಂಕವಿಲ್ಲದ ಉಪ್ಪನ್ನು ಒದಗಿಸಿತು. ಉಪ್ಪಿನ ಪ್ರಮಾಣಕ್ಕೂ ಆಹಾರದ ಸುರಕ್ಷತೆಗೂ ಇರುವ ನಂಟನ್ನು ಈ ಇತಿಹಾಸವೇ ತೋರಿಸಿಕೊಡುತ್ತದೆ.

ಹೊಗೆಯಾಡಿಸುವ ವಿದ್ಯೆಗೆ ಹತ್ತಿರದ ಉದಾಹರಣೆ ಲಕ್ಷದ್ವೀಪದ 'ಮಾಸ್'. ಅಲ್ಲಿ ಸೂರೆ ಮೀನನ್ನು ಬೇಯಿಸಿ, ಹೊಗೆಯಾಡಿಸಿ, ಬಿಸಿಲಿನಲ್ಲಿ ಮರದಂತೆ ಗಟ್ಟಿಯಾಗುವವರೆಗೆ ಒಣಗಿಸುತ್ತಾರೆ. ಲಕ್ಷದ್ವೀಪದ ಉತ್ತರ ಭಾಗದ ಅಮೀನಿದೀವಿ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತಕ್ಕೆ ಸೇರಿದ್ದವು. ಕೊಡಗಿನಲ್ಲಿ ಮಾಂಸವನ್ನು ಅಡುಗೆ ಒಲೆಯ ಮೇಲೆ ತೂಗುಹಾಕಿ ಹೊಗೆಯಲ್ಲಿ ಒಣಗಿಸುವ ಪದ್ಧತಿಯಿದೆ.

ಬೆಂಗಳೂರಿನಲ್ಲಿ ಮೀನು ಮತ್ತು ಹೆಸರಿನ ಗೊಂದಲ

ಬೆಂಗಳೂರು ಕಡಲಿನಿಂದ ಬಹಳ ದೂರದಲ್ಲಿದೆ. ದಂಡು ಪ್ರದೇಶದ ಶಿವಾಜಿನಗರದಲ್ಲಿ 1927ರಲ್ಲಿ ಕಟ್ಟಲಾದ ರಸೆಲ್ ಮಾರುಕಟ್ಟೆಯು ನಗರದ ಹಳೆಯ ಮೀನಿನ ಪೇಟೆಗಳಲ್ಲಿ ಒಂದು. ಇಲ್ಲಿಗೆ ಎರಡೂ ಕರಾವಳಿಗಳ ಮೀನು ಮಂಜುಗಡ್ಡೆಯಲ್ಲಿ ಬರುತ್ತದೆ, ಒಣಮೀನೂ ದೊರೆಯುತ್ತದೆ.

'ಇಂಡಿಯನ್ ಸಾಲ್ಮನ್' ಎಂದು ಮಾರಾಟವಾಗುವ ರಾವಸ್ ಮೀನು ಸಾಲ್ಮನ್ ಅಲ್ಲ. ಅದು ಪಾಲಿನೆಮಿಡೆ ಎಂಬ ಬೇರೆ ಕುಟುಂಬಕ್ಕೆ ಸೇರಿದ್ದು, ಎದೆಯ ರೆಕ್ಕೆಯ ಕೆಳಗೆ ದಾರದಂಥ ನಾಲ್ಕು ಬಿಡಿ ಎಳೆಗಳಿರುತ್ತವೆ. ಅದರ ಮಾಂಸವು ಸಾಲ್ಮನ್ನಿನಂತೆ ಕಿತ್ತಳೆ ಬಣ್ಣದ್ದಲ್ಲ. ನಿಜವಾದ ಸಾಲ್ಮನ್ ಭಾರತದ ಕಡಲಿನಲ್ಲಿಲ್ಲ. ಅದು ವಿದೇಶದಿಂದ ಬರುತ್ತದೆ. ಬ್ರಿಟಿಷರು ತಂದು ನೀಲಗಿರಿಯ ಹೊಳೆಗಳಿಗೆ ಬಿಟ್ಟ ಟ್ರೌಟ್ ಮೀನು ಸಾಲ್ಮನ್ನಿನ ಕುಟುಂಬಕ್ಕೇ ಸೇರಿದ್ದು. ಮುಂದೆ ಹೇಳಿದ ವಿಧಾನವನ್ನು ಸಾಲ್ಮನ್, ಟ್ರೌಟ್, ರಾವಸ್ ಮೂರಕ್ಕೂ ಅನ್ವಯಿಸಬಹುದು.

ಉಪ್ಪು ಮತ್ತು ಹೊಗೆಯ ಕಾರ್ಯ

ಉಪ್ಪುನೀರು ಮೀನನ್ನು ಸುತ್ತುವರಿದಾಗ ಉಪ್ಪು ಮಾಂಸದೊಳಗೆ ಇಳಿಯುತ್ತದೆ. ದ್ರಾವಣ ಗಾಢವಾಗಿದ್ದರೆ ಮಾಂಸದ ನೀರೂ ಹೊರಬರುತ್ತದೆ. ಉಪ್ಪಿನೊಡನೆ ಬೆಸೆದುಕೊಂಡ ನೀರು ಬ್ಯಾಕ್ಟೀರಿಯಗಳ ಬೆಳವಣಿಗೆಗೆ ಒದಗುವುದಿಲ್ಲ. ಸಾಮಾನ್ಯ ಉಷ್ಣತೆಯಲ್ಲಿ ನೀರು ಕರಗಿಸಿಕೊಳ್ಳಬಲ್ಲ ಉಪ್ಪು ದ್ರಾವಣದ ತೂಕದ ಸುಮಾರು ಶೇಕಡ 26ರಷ್ಟು.

ಹೊಗೆಯಲ್ಲಿರುವ ಫೀನಾಲ್ ಹಾಗೂ ಆಮ್ಲಗಳು ಸೂಕ್ಷ್ಮಜೀವಿಗಳನ್ನೂ ಕೊಬ್ಬು ಕಮಟಾಗುವುದನ್ನೂ ಸ್ವಲ್ಪ ಮಟ್ಟಿಗೆ ತಡೆಯುತ್ತವೆ. ಆದರೆ ಹೊಗೆಯೊಂದೇ ಮೀನನ್ನು ಕಾಪಾಡುವುದಿಲ್ಲ. ಉಪ್ಪು, ಶಾಖ ಮತ್ತು ತಣ್ಣಗಿಡುವಿಕೆ ಮೂರೂ ಸೇರಿದಾಗ ಮಾತ್ರ ರಕ್ಷಣೆ ದೊರೆಯುತ್ತದೆ.

ತಣ್ಣನೆಯ ಹೊಗೆ ಮತ್ತು ಬಿಸಿ ಹೊಗೆ

ತಣ್ಣನೆಯ ಹೊಗೆಯಲ್ಲಿ ಉಷ್ಣತೆಯನ್ನು 30 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಡುತ್ತಾರೆ, ಮೀನು ಬೇಯುವುದಿಲ್ಲ. ಬಿಸಿ ಹೊಗೆಯಲ್ಲಿ ಮೀನು ಒಳಗಿನವರೆಗೂ ಬೇಯುತ್ತದೆ. ಬೆಂಗಳೂರಿನ ಬೇಸಿಗೆಯಲ್ಲಿ ಹೊರಗಿನ ಗಾಳಿಯೇ 30 ಡಿಗ್ರಿ ದಾಟುವುದರಿಂದ, ತಣ್ಣನೆಯ ಹೊಗೆಯಲ್ಲಿ ಗಂಟೆಗಟ್ಟಲೆ ಇರುವ ಹಸಿ ಮೀನು ಬ್ಯಾಕ್ಟೀರಿಯಗಳಿಗೆ ಅನುಕೂಲವಾದ ಉಷ್ಣತೆಯಲ್ಲೇ ಉಳಿಯುತ್ತದೆ. ಆದ್ದರಿಂದ ಮನೆಯಲ್ಲಿ ಮಾಡುವವರಿಗೆ ಬಿಸಿ ಹೊಗೆಯ ವಿಧಾನವೇ ಯೋಗ್ಯ.

ಮನೆಯಲ್ಲಿ ಮಾಡುವ ಕ್ರಮ

1. ತಾಜಾ ಮೀನನ್ನು ಶುಚಿಮಾಡಿ 2ರಿಂದ 2.5 ಸೆಂಟಿಮೀಟರ್ ದಪ್ಪದ ಸಮನಾದ ತುಂಡುಗಳನ್ನಾಗಿ ಕತ್ತರಿಸಬೇಕು. ದಪ್ಪ ಬೇರೆಯಾದರೆ ಉಪ್ಪು ಸಮನಾಗಿ ಇಳಿಯದು.

2. ಒಂದು ಲೀಟರ್ ನೀರಿಗೆ ಸುಮಾರು 170 ಗ್ರಾಂ ಉಪ್ಪನ್ನು ತೂಗಿ ಕರಗಿಸಬೇಕು. ಪುಡಿ ಉಪ್ಪು ಮತ್ತು ಕಲ್ಲುಪ್ಪಿನ ಒಂದು ಬಟ್ಟಲಿನ ತೂಕ ಬೇರೆ ಬೇರೆಯಾದುದರಿಂದ ಬಟ್ಟಲಿನ ಅಳತೆ ಸಲ್ಲದು. ರುಚಿಗೆ ಬೆಲ್ಲ, ಕಾಳುಮೆಣಸು ಸೇರಿಸಬಹುದು.

3. ತಣಿಸಿದ ಉಪ್ಪುನೀರಿನಲ್ಲಿ ತುಂಡುಗಳನ್ನು ಮುಳುಗಿಸಿ, ಫ್ರಿಜ್ಜಿನಲ್ಲಿ ಸುಮಾರು ಒಂದು ಗಂಟೆ ಇಡಬೇಕು. ಪಾತ್ರೆ ಸ್ಟೀಲು ಅಥವಾ ಗಾಜಿನದಾಗಿರಲಿ. ಬಳಸಿದ ಉಪ್ಪುನೀರನ್ನು ಮತ್ತೆ ಬಳಸಬಾರದು.

4. ತುಂಡುಗಳನ್ನು ತೊಳೆದು, ಜಾಲರಿಯ ಮೇಲೆ ಫ್ರಿಜ್ಜಿನಲ್ಲೇ ಆರಿಸಬೇಕು. ಮೇಲೆ ಹೊಳಪಿನ, ತುಸು ಅಂಟುವ ಪೊರೆ ಮೂಡುತ್ತದೆ. ಹೊಗೆ ಈ ಪೊರೆಗೆ ಸಮನಾಗಿ ಹಿಡಿಯುತ್ತದೆ. ಒದ್ದೆ ಮೀನಿಗೆ ಹಿಡಿದ ಹೊಗೆ ಕಹಿಯಾಗುತ್ತದೆ.

5. ಬಯಲಿನಲ್ಲಿ, ಮುಚ್ಚಳವಿರುವ ಇದ್ದಿಲ ಒಲೆಯಲ್ಲಿ ಹೊಗೆಯಾಡಿಸಬೇಕು. ತೆಂಗಿನ ಸಿಪ್ಪೆ ಅಥವಾ ಮಾವಿನಂಥ ಮರದ ಒಣ ಚಕ್ಕೆ ಆಗಬಹುದು. ರಾಳವಿರುವ ಮರ, ಪ್ಲೈವುಡ್, ಬಣ್ಣ ಬಳಿದ ಮರ ಸರ್ವಥಾ ಕೂಡದು. ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿಸಿದರೆ ಇಂಗಾಲದ ಮಾನಾಕ್ಸೈಡ್ ಸೇರಿಕೊಂಡು ಪ್ರಾಣಾಪಾಯವಾದೀತು.

6. ಉಷ್ಣತೆಯನ್ನು ಕ್ರಮವಾಗಿ ಏರಿಸಿ, ಅತಿ ದಪ್ಪನಾದ ತುಂಡಿನ ನಡುಭಾಗ 66 ಡಿಗ್ರಿ ಸೆಲ್ಸಿಯಸ್ ತಲುಪಿದ ಮೇಲೆ 30 ನಿಮಿಷ ಅಷ್ಟರಲ್ಲೇ ಉಳಿಸಬೇಕು. ಇದನ್ನು ಅಡುಗೆಯ ಉಷ್ಣಮಾಪಕದಿಂದಲೇ ಅಳೆಯಬೇಕು. ಮೇಲ್ಮೈಯ ಹೊಂಬಣ್ಣ ಒಳಗೆ ಬೆಂದಿದೆ ಎಂಬುದಕ್ಕೆ ಸಾಕ್ಷಿಯಲ್ಲ.

ಅಪಾಯಗಳು ಮತ್ತು ಎಚ್ಚರಿಕೆ

ಮೀನಿನ ಮೂಲಕ ಬರುವ ವಿಷಗಳಲ್ಲಿ ಅತಿ ಘೋರವಾದುದು ಬಾಟುಲಿಸಂ. ಇದನ್ನುಂಟುಮಾಡುವ ಬ್ಯಾಕ್ಟೀರಿಯ ಗಾಳಿಯಿಲ್ಲದ ಕಡೆ ಬೆಳೆಯುತ್ತದೆ. ಅದರ ಒಂದು ಬಗೆ ಸುಮಾರು 3 ಡಿಗ್ರಿಯಲ್ಲೂ ಬೆಳೆಯಬಲ್ಲದು. ಆದ್ದರಿಂದ ಮನೆಯಲ್ಲಿ ಮಾಡಿದ ಹೊಗೆಮೀನನ್ನು ಗಾಳಿ ತೆಗೆದ ಪೊಟ್ಟಣದಲ್ಲಾಗಲಿ, ಎಣ್ಣೆಯಲ್ಲಿ ಮುಳುಗಿಸಿಯಾಗಲಿ ಫ್ರಿಜ್ಜಿನಲ್ಲಿಡಬಾರದು. ಕಾಗದದಲ್ಲಿ ಸಡಿಲವಾಗಿ ಸುತ್ತಿಟ್ಟು ಕೆಲವೇ ದಿನಗಳಲ್ಲಿ ಮುಗಿಸಬೇಕು. ಹೆಚ್ಚು ಕಾಲ ಬೇಕಿದ್ದರೆ ಫ್ರೀಜರಿನಲ್ಲಿಡಬೇಕು. ವಿದ್ಯುತ್ ಬಹಳ ಹೊತ್ತು ಕಡಿತಗೊಂಡಿದ್ದರೆ ಅಂಥ ಮೀನನ್ನು ಎಸೆಯುವುದೇ ಲೇಸು, ಏಕೆಂದರೆ ಈ ವಿಷವು ವಾಸನೆಯಿಂದಾಗಲಿ ರುಚಿಯಿಂದಾಗಲಿ ತಿಳಿಯದೆ ಇರಬಹುದು.

ಬಂಗುಡೆ, ಬೂತಾಯಿ, ಸೂರೆಯಂಥ ಮೀನುಗಳು ಬಿಸಿಲಿನಲ್ಲಿ ಹೊತ್ತುಗಳೆದರೆ ಅವುಗಳಲ್ಲಿ ಹಿಸ್ಟಮಿನ್ ಕೂಡಿಕೊಂಡು ಮುಖ ಕೆಂಪೇರುವುದು, ತುರಿಕೆ, ವಾಂತಿ ಉಂಟಾಗುತ್ತವೆ. ಬೇಯಿಸಿದರೂ ಹೊಗೆಯಾಡಿಸಿದರೂ ಹಿಸ್ಟಮಿನ್ ನಾಶವಾಗದು. ಪೇಟೆಯಿಂದ ಮನೆಗೆ ಮಂಜುಗಡ್ಡೆಯಲ್ಲೇ ಮೀನು ತರುವುದು ಇದಕ್ಕೆ ಉಪಾಯ. ತಣ್ಣನೆಯ ಹೊಗೆಗೆ ಬಳಸುವ ಮೀನನ್ನು, ಪರೋಪಜೀವಿಗಳ ನಾಶಕ್ಕಾಗಿ, ಮೈನಸ್ 20 ಡಿಗ್ರಿಯಲ್ಲಿ 7 ದಿನ ಘನೀಕರಿಸಿಡಬೇಕೆಂಬ ನಿಯಮವಿದೆ.

ಹೊಗೆಯಲ್ಲಿ ಕ್ಯಾನ್ಸರಿಗೆ ಕಾರಣವಾಗಬಲ್ಲ ಹೈಡ್ರೋಕಾರ್ಬನ್‌ಗಳೂ ಇರುತ್ತವೆ. ಕೊಬ್ಬು ಕೆಂಡದ ಮೇಲೆ ತೊಟ್ಟಿಕ್ಕದಂತೆ ನೋಡಿಕೊಂಡರೆ ಇವು ಕಡಿಮೆಯಾಗುತ್ತವೆ. ಉಪ್ಪಿನ ಅಂಶ ಅಧಿಕವಾದುದರಿಂದ ರಕ್ತದೊತ್ತಡವುಳ್ಳವರು ಮಿತವಾಗಿ ತಿನ್ನಬೇಕು. ಹೊಗೆಮೀನಿನಲ್ಲಿ ಲಿಸ್ಟೀರಿಯ ಬ್ಯಾಕ್ಟೀರಿಯ ಇರುವ ಸಂಭವವುಂಟು. ಗರ್ಭಿಣಿಯರೂ ವೃದ್ಧರೂ ಅದನ್ನು ಮತ್ತೆ ಚೆನ್ನಾಗಿ ಬಿಸಿಮಾಡಿಯೇ ತಿನ್ನುವುದು ಕ್ಷೇಮ.