ಕೂಸಿಗೆ ಸಲ್ಲುವುದು ದಾನವೋ, ನ್ಯಾಯವೋ?

ಬೋರಗಾಂವ-ನಿಪ್ಪಾಣಿ ಸೀಮೆಯಲ್ಲಿ ಕಬ್ಬಿನ ಕಟಾವು ಭರದಿಂದ ಸಾಗುವುದು ಆಗಮನ ಕಾಲದಿಂದ ತಪಸ್ಸುಕಾಲದವರೆಗೆ. ಈ ದಿನಗಳಲ್ಲಿಯೇ ನಾವು ಗೋದಲಿ ಕಟ್ಟಿ, ಬಾಲಯೇಸುವನ್ನು ಹುಲ್ಲಿನ ಮೇಲೆ ಮಲಗಿಸಿ ಆರಾಧಿಸುತ್ತೇವೆ. ಅದೇ ಹೊತ್ತಿನಲ್ಲಿ ಹೊಲದ ಬದುವಿನ ಮೇಲೆ, ರವದಿಯ ರಾಶಿಯ ಪಕ್ಕದಲ್ಲಿ, ಕಟಾವಿಗೆ ಬಂದ ತಾಯಂದಿರ ಕೂಸುಗಳು ಹಳೆಯ ಸೀರೆಯ ಜೋಳಿಗೆಯಲ್ಲಿ ಮಲಗಿರುತ್ತವೆ. ಅವುಗಳನ್ನು ನೋಡಿಕೊಳ್ಳುವವಳು ಬಹುಮಟ್ಟಿಗೆ ಏಳೆಂಟು ವರ್ಷದ ಅಕ್ಕ. ಒಂದು ಕೂಸಿಗಾಗಿ ಇನ್ನೊಂದು ಮಗುವಿನ ಶಾಲೆ ತಪ್ಪುತ್ತದೆ.

ತಾಯಿಯ ದುಡಿಮೆಯಿಂದ ಲಾಭ ಪಡೆಯುವವನು ಆಕೆಯ ಕೂಸಿನ ಆರೈಕೆಗೂ ಹೊಣೆಗಾರನೆಂಬ ವಿಚಾರ ನಮ್ಮ ಸೀಮೆಗೆ ಹೊಸದಲ್ಲ. ೧೯೬೬ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯಿದೆಯಲ್ಲಿಯೇ, ಹೆಚ್ಚು ಹೆಂಗಸರು ದುಡಿಯುವ ಕಾರ್ಖಾನೆಯಲ್ಲಿ ಶಿಶುಗೃಹವಿರಬೇಕೆಂಬ ವಿಧಿಯಿತ್ತು. ನಿಪ್ಪಾಣಿಯ ತಂಬಾಕು ಕಾರ್ಖಾನೆಗಳ ಹೆಂಗಸರು ಒಗ್ಗೂಡಿ ಹೋರಾಡಿದ ಕಥೆಯನ್ನು ೧೯೮೨ರಲ್ಲಿ 'ಯುಗಾಂತರ್' ಎಂಬ ಮಹಿಳಾ ತಂಡ ಚಲನಚಿತ್ರವಾಗಿಯೂ ದಾಖಲಿಸಿತು. ಆದರೆ ಬೀಡಿ ಕಟ್ಟುವ ಕೆಲಸ ಮನೆಯ ಜಗುಲಿಗೆ ಬಂದಾಗ ಮನೆಯೇ ಕಾರ್ಖಾನೆಯಾಯಿತು. ಕಾರ್ಖಾನೆಗೆಂದು ಬರೆದ ವಿಧಿಗೆ ಕೂಸು ಕಾಣದಾಯಿತು. ಕಬ್ಬಿನ ಹೊಲವಂತೂ ಯಾವ ಕಾರ್ಖಾನೆಯ ಗೋಡೆಯೊಳಗೂ ಇಲ್ಲ.

ಉಳಿದದ್ದು ಅಂಗನವಾಡಿ. ೧೯೭೫ರ ಅಕ್ಟೋಬರ್ ೨ರಂದು ದೇಶದ ೩೩ ಕಡೆಗಳಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾಯಿತು. ನಮ್ಮ ರಾಜ್ಯದಲ್ಲಿ ಮೊದಲು ಟಿ. ನರಸೀಪುರದಲ್ಲಿ. ಮಗು ಶಾಲೆಗೆ ಬಾರದಿದ್ದರೆ ಶಾಲೆಯೇ ಮಗುವಿನ ಅಂಗಳಕ್ಕೆ ಹೋಗಬೇಕೆಂಬ ತತ್ತ್ವವನ್ನು ಅದಕ್ಕೂ ಮೊದಲೇ ಮಹಾರಾಷ್ಟ್ರದ ಬೋರ್ಡಿ, ಕೋಸಬಾಡಗಳಲ್ಲಿ ತಾರಾಬಾಯಿ ಮೋಡಕರು ಆದಿವಾಸಿ ಮಕ್ಕಳ ನಡುವೆ ಆಚರಿಸಿ ತೋರಿಸಿದ್ದರು. ಅವರಿಗೆ ಸ್ಫೂರ್ತಿಯಾದವರು ಮರಿಯಾ ಮಾಂಟೆಸೊರಿ. ಈ ಕಥೋಲಿಕ ವೈದ್ಯೆ ತಮ್ಮ ಮೊದಲ ಶಿಶುಮಂದಿರವನ್ನು ತೆರೆದದ್ದು ೧೯೦೭ರ ಜನವರಿ ೬, ಮೂರು ರಾಯರ ಹಬ್ಬದಂದು, ರೋಮಿನ ಸಾನ್ ಲೊರೆಂಜೊ ಎಂಬ ಬಡವರ ಕೇರಿಯಲ್ಲಿ. ತಂದೆತಾಯಿ ದುಡಿಯಲು ಹೋದಾಗ ಮಕ್ಕಳು ಗೋಡೆ ಕೆಡಿಸುತ್ತಾರೆಂದು ಆ ವಸತಿಗೃಹಗಳ ಸಂಸ್ಥೆಯವರೇ ಕೋಣೆಯನ್ನೂ ವೆಚ್ಚವನ್ನೂ ಒದಗಿಸಿದರು. ಉದ್ದೇಶ ಗೋಡೆಯದಾದರೂ ಫಲ ಮಕ್ಕಳಿಗೆ ದೊರೆಯಿತು. ಇಂದು ಆ ಮಾತೆಯ ಹೆಸರು ದುಬಾರಿ ಶುಲ್ಕದ ಶಾಲೆಗಳ ಫಲಕದ ಮೇಲೆ ರಾರಾಜಿಸುತ್ತಿರುವುದು ಇತಿಹಾಸದ ವ್ಯಂಗ್ಯವೇ ಸರಿ!

ಅಂಗನವಾಡಿ ಎಷ್ಟು ಭಾರವನ್ನು ಹೊರಬಲ್ಲದು? ಅಲ್ಲಿ ಹಗಲು ಕೂರಿಸಿಕೊಂಡು ಕಲಿಸುವುದು ಮೂರರಿಂದ ಆರು ವರ್ಷದವರಿಗೆ. ಅದಕ್ಕಿಂತ ಚಿಕ್ಕವರಿಗೆ ಆಹಾರವನ್ನು ಮನೆಗೆ ಕೊಡಲಾಗುತ್ತದೆ. ನಸುಕಿನಲ್ಲೇ ಹೊಲಕ್ಕೆ ಹೊರಡುವ ತಾಯಿಗೆ ಅದರ ವೇಳೆಯೂ ಹೊಂದದು. ೨೦೨೩ರಲ್ಲಿ ರಾಜ್ಯ ಸರಕಾರವು ೪,೦೦೦ ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ' ತೆರೆಯುವುದಾಗಿ ಘೋಷಿಸಿತು. ಸ್ವಾಗತಾರ್ಹ ಯೋಜನೆ. ಆದರೆ ಬೋರಗಾಂವ ಪಟ್ಟಣ ಪಂಚಾಯಿತಿಯಾಗಿದೆ. ಗ್ರಾಮ ಪಂಚಾಯಿತಿಗೆಂದು ರೂಪಿಸಿದ್ದು ಅದರ ಮೇರೆಯೊಳಗೆ ಬರುವುದಿಲ್ಲ. ಹೆಸರು ಪಟ್ಟಣವಾದ ಮಾತ್ರಕ್ಕೆ ತಾಯಂದಿರ ಕೂಲಿ ಬದಲಾಗಲಿಲ್ಲವಷ್ಟೆ.

ಇನ್ನು ಕಾರ್ಯಕರ್ತೆಯ ವಿಷಯ. ಆಕೆ ಅಡುಗೆ ನೋಡಬೇಕು, ಹಾಡು ಕಲಿಸಬೇಕು, ಮಗುವಿನ ತೂಕ ಬರೆಯಬೇಕು, ಎಷ್ಟೋ ಕಡೆ ಮತದಾರರ ಪಟ್ಟಿಯ ಕೆಲಸಕ್ಕೂ ಓಡಾಡಬೇಕು. ಆಕೆಗೆ ಕೊಡುವುದು ವೇತನವಲ್ಲ, 'ಗೌರವಧನ'. ೨೦೧೮ರ ಅಕ್ಟೋಬರ್‌ನಲ್ಲಿ ಕೇಂದ್ರ ಸರಕಾರ ಅದನ್ನು ತಿಂಗಳಿಗೆ ೪,೫೦೦ ರೂಪಾಯಿಗೆ ಏರಿಸಿತು. ರಾಜ್ಯವು ತನ್ನ ಪಾಲನ್ನು ಸೇರಿಸುತ್ತದೆ. ತತ್ತ್ವಶಾಸ್ತ್ರದ ತರಗತಿಯಲ್ಲಿ ನಾಮ ಮತ್ತು ವಸ್ತುವಿನ ಸಂಬಂಧವನ್ನು ಕುರಿತು ನಾವು ದೀರ್ಘವಾಗಿ ಚರ್ಚಿಸುತ್ತಿದ್ದೆವು. ಹೆಸರು ಬದಲಿಸಿ ವಸ್ತುವಿನ ಬೆಲೆಯನ್ನೇ ಇಳಿಸಬಹುದೆಂಬುದಕ್ಕೆ ಇದಕ್ಕಿಂತ ಉತ್ತಮ ದೃಷ್ಟಾಂತ ಅಲ್ಲಿ ದೊರೆತಿರಲಿಲ್ಲ. ೨೦೨೨ರ ಏಪ್ರಿಲ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ಮಹಿಳೆಯರು ಗ್ರಾಚ್ಯುಟಿಗೆ ಅರ್ಹರೆಂದು ತೀರ್ಪು ನೀಡಿತು. ಮಾಡುವುದು ದುಡಿಮೆಯೇ ಹೊರತು ಬಿಡುವಿನ ಸೇವೆಯಲ್ಲ ಎಂಬುದು ಅದರ ತಾತ್ಪರ್ಯ.

ನ್ಯಾಯವಾಗಿ ಸಲ್ಲಬೇಕಾದುದನ್ನು ದಾನದ ರೂಪದಲ್ಲಿ ಕೊಡಬಾರದೆಂದು ಎರಡನೆಯ ವ್ಯಾಟಿಕನ್ ಮಹಾಸಭೆ ೧೯೬೫ರಲ್ಲಿಯೇ, ಶ್ರೀಸಾಮಾನ್ಯರ ಪ್ರೇಷಿತಕಾರ್ಯವನ್ನು ಕುರಿತ ಆಜ್ಞಾಪತ್ರದಲ್ಲಿ, ಎಚ್ಚರಿಸಿದೆ. ಪ್ರಿಯ ಓದುಗರೇ, ಕ್ರಿಸ್‌ಮಸ್‌ನಲ್ಲಿ ಕಟಾವಿನವರ ಗುಡಿಸಲುಗಳಿಗೆ ಕೇಕು, ಹಳೆಯ ಬಟ್ಟೆ ಹಂಚುವುದು ತಪ್ಪಲ್ಲ. ಆದರೆ ನಮ್ಮ ಕುಟುಂಬಗಳಲ್ಲಿ ಕಬ್ಬು ಬೆಳೆದವರೂ ಇರಬಹುದು, ಸಕ್ಕರೆ ಕಾರ್ಖಾನೆಯ ಷೇರುದಾರರೂ ಇರಬಹುದು. ಆ ಕೂಸಿನ ಋಣ ಅಂಥವರ ಲೆಕ್ಕದಲ್ಲಿಯೇ ಇದೆ. ಮಕ್ಕಳನ್ನು ಶುಲ್ಕದ ಎಲ್‌ಕೆಜಿಗೆ ಕಳಿಸಿದ ನಾವು ಅಂಗನವಾಡಿಯ ಸೋರುವ ಮಾಡನ್ನು ಕುರಿತು ಅರ್ಜಿ ಬರೆಯುವುದನ್ನೂ ಬಿಟ್ಟಿದ್ದೇವೆ.

ಈ ಸೀಮೆಯ ಧರ್ಮಕೇಂದ್ರಗಳ ಪಾಲನಾ ಸಮಿತಿಗಳು ಆಗಮನ ಕಾಲಕ್ಕೆ ಮುನ್ನ ಸಭೆ ಸೇರುತ್ತವೆ. ಹಬ್ಬದ ಬ್ಯಾಂಡು, ಪಟಾಕಿಯ ವೆಚ್ಚದ ಜೊತೆಗೆ ಇನ್ನೊಂದು ಲೆಕ್ಕವನ್ನೂ ಅಲ್ಲಿ ಬರೆಯಬಹುದು: ಕಟಾವಿನ ತಿಂಗಳುಗಳಲ್ಲಿ ನಸುಕಿನಿಂದ ಸಂಜೆಯವರೆಗೆ ತೆರೆದಿರುವ ಸಭಾಭವನ, ಕುಡಿಯುವ ನೀರು, ಶೌಚಾಲಯ, ಹಾಲು, ನಾಲ್ಕು ತೊಟ್ಟಿಲು. ಬೆಳೆಗಾರರಿಂದ ಟನ್ನಿಗಿಷ್ಟೆಂದು ವಂತಿಗೆ ಕೇಳೋಣ. ಪಟ್ಟಣ ಪಂಚಾಯಿತಿಗೂ ಮನವಿ ಸಲ್ಲಿಸೋಣ. ಕೂಸುಗಳನ್ನು ನೋಡಿಕೊಳ್ಳಲು ಇಬ್ಬರು ಹೆಂಗಸರು ಬೇಕು. ಅವರ ಹೆಸರಿನ ಮುಂದೆ 'ಸೇವೆ' ಎಂದು ಬರೆಯದೆ 'ಸಂಬಳ' ಎಂದೇ ಬರೆಯಿರಿ.