ಮುಟ್ಟದೆ ಬೀಳುವ ಪೆಟ್ಟು

“ಇವತ್ತು ರಾತ್ರಿ ಹನ್ನೆರಡೂವರೆಯಿಂದ ಮೂರೂವರೆವರೆಗೆ ಕಾಸ್ಮಿಕ್ ಕಿರಣಗಳು ಭೂಮಿಗೆ ತೀರಾ ಹತ್ತಿರ ಹಾದುಹೋಗುತ್ತವೆ, ಮೊಬೈಲ್ ಸ್ವಿಚ್ ಆಫ್ ಮಾಡಿ ದೂರ ಇಡಿ.” ಈ ಸಂದೇಶ ಎಷ್ಟೋ ವರ್ಷಗಳಿಂದ ವಾಟ್ಸಾಪ್‌ನಲ್ಲಿ ಸುತ್ತುತ್ತಲೇ ಇದೆ. ಮೆಲ್ಕಾರಿನ ಫ್ಯಾಮಿಲಿ ಗ್ರೂಪಿನಿಂದ ಗಲ್ಫಿನಲ್ಲಿರುವ ಮಗನಿಗೆ, ಅಲ್ಲಿಂದ ಮತ್ತೆ ಬಿ.ಸಿ.ರೋಡಿನ ನೆಂಟರಿಗೆ ಹೋಗುತ್ತದೆ. ಪ್ರೀತಿಯಿಂದಲೇ ಕಳಿಸುತ್ತಾರೆ, ಆದರೆ ಅದು ಸುಳ್ಳು. ಕಾಸ್ಮಿಕ್ ಕಿರಣಗಳಿಗೆ ಹೊತ್ತುಗೊತ್ತು ಇಲ್ಲ. ಅವು ವಾತಾವರಣಕ್ಕೆ ಬಡಿದಾಗ ಹುಟ್ಟುವ ಮ್ಯೂಆನ್ ಎಂಬ ಕಣಗಳು ಹಗಲಿರುಳೂ ನಮ್ಮ ಮೈಯೊಳಗಿಂದ ಹಾಯುತ್ತಿವೆ. ನೆಲಮಟ್ಟದಲ್ಲಿ ಪ್ರತಿ ಚದರ ಸೆಂಟಿಮೀಟರಿಗೆ ನಿಮಿಷಕ್ಕೆ ಸುಮಾರು ಒಂದರಂತೆ. ಮೊಬೈಲ್ ಆನ್ ಇದ್ದರೂ ಆಫ್ ಇದ್ದರೂ ಈ ಲೆಕ್ಕದಲ್ಲಿ ವ್ಯತ್ಯಾಸವಿಲ್ಲ.

ಆ ಕಿರಣಗಳಿಗೆ ವೇಗ ಕೊಟ್ಟವರು ಯಾರು? ನಮ್ಮ ಆಕಾಶಗಂಗೆಯಲ್ಲಿ ಹೆಚ್ಚಿನಂಶ, ಸಿಡಿದ ನಕ್ಷತ್ರಗಳಿಂದ ಹೊರಟ ಆಘಾತ ತರಂಗಗಳು. ಇನ್ನೊಂದು ತಪ್ಪು ಕಲ್ಪನೆ ಇರುವುದು ಇಲ್ಲೇ. ಅದು ವಿಜ್ಞಾನ ಓದಿದವರಲ್ಲೇ ಜಾಸ್ತಿ: ಕಣಕ್ಕೆ ಕಣ ಡಿಕ್ಕಿ ಹೊಡೆಯದೆ ಆಘಾತ ತರಂಗ ಹುಟ್ಟುವುದಿಲ್ಲ, ಬಾಹ್ಯಾಕಾಶ ಖಾಲಿ, ಹಾಗಾಗಿ ಅಲ್ಲಿ ಅದು ಅಸಾಧ್ಯ ಎಂಬುದು.

ಗಾಳಿಯ ಮಟ್ಟಿಗೆ ಈ ಮಾತು ಸರಿ. ಜಾತ್ರೆಯಲ್ಲಿ ಗರ್ನಾಲ್ ಸಿಡಿದಾಗ ಅದರ ಹತ್ತಿರದ ಗಾಳಿ ಒಮ್ಮೆಲೇ ಒತ್ತಿಕೊಳ್ಳುತ್ತದೆ. ಗಾಳಿಯ ಒಂದು ಅಣು ಮಿಲಿಮೀಟರಿನ ಹತ್ತು ಸಾವಿರದಲ್ಲೊಂದು ಪಾಲಿನಷ್ಟೂ ಸಾಗುವ ಮೊದಲೇ ಇನ್ನೊಂದಕ್ಕೆ ತಾಗುತ್ತದೆ, ಪೆಟ್ಟು ಕೈಯಿಂದ ಕೈಗೆ ದಾಟುತ್ತದೆ. ಅದೇ ಆಘಾತ ತರಂಗ. ಸೂರ್ಯನಿಂದ ಬೀಸುವ ಸೌರಮಾರುತದ ಸ್ಥಿತಿಯೇ ಬೇರೆ. ಅದು ಪ್ರೋಟಾನು, ಎಲೆಕ್ಟ್ರಾನುಗಳು ಬಿಡಿಬಿಡಿಯಾಗಿ ಹರಿಯುವ ಪ್ಲಾಸ್ಮಾ. ಭೂಮಿಯ ಬಳಿ ಒಂದು ಘನ ಸೆಂಟಿಮೀಟರಿನಲ್ಲಿ ಐದಾರು ಪ್ರೋಟಾನುಗಳಷ್ಟೇ ಇರುತ್ತವೆ, ವೇಗ ಸೆಕೆಂಡಿಗೆ ಸುಮಾರು 400 ಕಿ.ಮೀ. ಒಂದು ಪ್ರೋಟಾನು ಇನ್ನೊಂದಕ್ಕೆ ಡಿಕ್ಕಿ ಹೊಡೆಯಬೇಕಾದರೆ ಸರಾಸರಿ 15 ಕೋಟಿ ಕಿ.ಮೀ. ಹೋಗಬೇಕು. ಅಂದರೆ ಸೂರ್ಯನಿಂದ ನಮ್ಮವರೆಗಿನ ಇಡೀ ದೂರ!

1950ರ ದಶಕದಲ್ಲಿ ಖಭೌತ ವಿಜ್ಞಾನಿ ಥಾಮಸ್ ಗೋಲ್ಡ್ ಇಲ್ಲಿ ಒಂದು ಸೊಗಸಾದ ತರ್ಕ ಹೂಡಿದರು. ಸೌರ ಬಿರುಗಾಳಿ ಬಡಿದಾಗ ಭೂಮಿಯ ಮೇಲಿನ ಕಾಂತಮಾಪಕಗಳು ಕೆಲವೇ ನಿಮಿಷಗಳಲ್ಲಿ ಥಟ್ಟನೆ ಜಿಗಿಯುತ್ತವೆ. ಬರುವ ಅಲೆಯ ಮುಖ ಅಷ್ಟು ತೆಳ್ಳಗಿರಬೇಕಾದರೆ ಅದು ಆಘಾತ ತರಂಗವೇ ಆಗಿರಬೇಕು, ಡಿಕ್ಕಿ ಇರಲಿ ಬಿಡಲಿ. 1962ರಲ್ಲಿ ಶುಕ್ರನ ಕಡೆ ಹೊರಟಿದ್ದ ಮ್ಯಾರಿನರ್-2 ನೌಕೆಗೆ ದಾರಿಯಲ್ಲಿ ಅಂಥ ಅಲೆ ನಿಜಕ್ಕೂ ಸಿಕ್ಕಿತು. ಆ ನೌಕೆಯ ಮಾಹಿತಿಯನ್ನು ಜಾಲಾಡಿ, ಸೌರಮಾರುತ ಎಡೆಬಿಡದೆ ಬೀಸುತ್ತದೆ, ಭೂಮಿಯ ಕಾಂತತೆಯ ಏರುಪೇರಿಗೆ ಅದರ ನಂಟಿದೆ ಎಂದು ತೋರಿಸಿದವರಲ್ಲಿ ನಮ್ಮ ಕರಾವಳಿಯವರೇ ಒಬ್ಬರಿದ್ದರು: ಉಡುಪಿ ಬಳಿಯ ಅದಮಾರಿನಲ್ಲಿ 1932ರಲ್ಲಿ ಹುಟ್ಟಿದ ಯು.ಆರ್. ರಾವ್. ಆರ್ಯಭಟ ಉಪಗ್ರಹದಿಂದ ಅವರನ್ನು ನೆನೆಯುತ್ತೇವೆ. ಈ ಕೆಲಸವನ್ನೂ ಶಾಲೆಗಳಲ್ಲಿ ಹೇಳಬೇಕು ಎಂದು ನನಗೆ ಬಲವಾಗಿ ಅನಿಸುತ್ತದೆ.

1963ರ ನವೆಂಬರಿನಲ್ಲಿ ಹಾರಿದ ಐಎಂಪಿ-1 ಉಪಗ್ರಹ ಇನ್ನೊಂದನ್ನು ಪತ್ತೆಮಾಡಿತು. ಭೂಮಿಯಿಂದ ಸೂರ್ಯನ ದಿಕ್ಕಿಗೆ ಸುಮಾರು 90,000 ಕಿ.ಮೀ. ದೂರದಲ್ಲಿ ಒಂದು ಆಘಾತ ತರಂಗ ಸದಾ ನಿಂತೇ ಇದೆ. ಮಳೆಗಾಲದಲ್ಲಿ ಪಾಣೆಮಂಗಳೂರು ಸೇತುವೆಯ ಕಂಬದೆದುರು ನೇತ್ರಾವತಿಯ ಕೆನ್ನೀರು ಉಬ್ಬಿ ನಿಂತು ಎರಡೂ ಮಗ್ಗುಲಿಗೆ ಸೀಳುವ ಹಾಗೆ, ಭೂಮಿಯ ಕಾಂತಕ್ಷೇತ್ರದೆದುರು ಸೌರಮಾರುತ ಉಬ್ಬಿ ಸೀಳುತ್ತದೆ. ನೀರಿನಲ್ಲಿ ಕಣಗಳು ಒಂದನ್ನೊಂದು ತಳ್ಳುತ್ತವೆ. ಇಲ್ಲಿ ತಳ್ಳುವವರಿಲ್ಲ. ಆದರೂ ಆ ಮುಖದ ದಪ್ಪ ಹೆಚ್ಚೆಂದರೆ ಕೆಲವು ನೂರು ಕಿ.ಮೀ.

ಅದು ಹೇಗೆ ಎಂದು ತಿಳಿಯಲು ಒಂದೇ ಪ್ರೋಟಾನಿನ ಬೆನ್ನು ಹತ್ತೋಣ. ಸೌರಮಾರುತ ತನ್ನೊಡನೆ ತೆಳುವಾದ ಕಾಂತಕ್ಷೇತ್ರವನ್ನೂ ಹೊತ್ತು ತರುತ್ತದೆ. ಆಘಾತದ ಮುಖದಲ್ಲಿ ಆ ಕ್ಷೇತ್ರ ಇದ್ದಕ್ಕಿದ್ದಂತೆ ಮೂರು ನಾಲ್ಕು ಪಟ್ಟು ಬಲವಾಗುತ್ತದೆ, ಜೊತೆಗೆ ವಿದ್ಯುತ್ ಕ್ಷೇತ್ರವೂ ಅಡ್ಡ ನಿಲ್ಲುತ್ತದೆ. ಹೆಚ್ಚಿನ ಪ್ರೋಟಾನುಗಳು ವೇಗ ಕಳೆದುಕೊಂಡು ಒಳನುಗ್ಗುತ್ತವೆ. ನಮ್ಮದು ಮಾತ್ರ ಸೂರ್ಯನ ಕಡೆಗೇ ಹಿಂದಕ್ಕೆ ಚಿಮ್ಮಿತು ಅನ್ನಿ. ಕಾಂತಕ್ಷೇತ್ರ ಅದನ್ನು ನೂರಾರು ಕಿ.ಮೀ. ಕಮಾನಿನಲ್ಲಿ ತಿರುಗಿಸುತ್ತದೆ. ತಿರುಗುತ್ತ ಅದು ಶಕ್ತಿ ಪಡೆದು ಮತ್ತೆ ಮುಖಕ್ಕೆ ನುಗ್ಗುತ್ತದೆ. ಹೀಗೆ ಹೋಗುವ ಹರಿವು, ಬರುವ ಹರಿವು ಒಂದರೊಳಗೊಂದು ಹೊಕ್ಕಾಗ ಕ್ಷೇತ್ರದಲ್ಲೇ ಅಲೆಗಳೇಳುತ್ತವೆ, ಆ ಅಲೆಗಳು ಕಣಗಳನ್ನು ಚೆದುರಿಸುತ್ತವೆ. ಡಿಕ್ಕಿ ಮಾಡಬೇಕಾದ ಕೆಲಸ ಇಷ್ಟರಲ್ಲಿ ಮುಗಿಯಿತು: ಹರಿವು ನಿಧಾನವಾಯಿತು, ದಟ್ಟವಾಯಿತು, ಬಿಸಿಯೂ ಆಯಿತು. ಆದರೆ ಬಿಸಿ ಸಮಪಾಲಾಗುವುದಿಲ್ಲ. ಪ್ರೋಟಾನುಗಳು ಎಲೆಕ್ಟ್ರಾನುಗಳಿಗಿಂತ ಎಷ್ಟೋ ಹೆಚ್ಚು ಕಾಯುತ್ತವೆ, ಡಿಕ್ಕಿಯಿಲ್ಲದ ಕಾರಣ ಅವೆರಡೂ ಬೇಗ ಒಂದೇ ಉಷ್ಣತೆಗೆ ಬರುವುದೂ ಇಲ್ಲ.

ಲಕ್ಷಗಟ್ಟಲೆ ಡಿಗ್ರಿ ಬಿಸಿಯಾದರೆ ಅಲ್ಲಿಗೆ ಹೋದ ನೌಕೆ ಸುಟ್ಟುಹೋಗಬೇಕಲ್ಲ ಎನ್ನುವವರುಂಟು. ಡಿಗ್ರಿ ಹೇಳುವುದು ಒಂದೊಂದು ಕಣದ ವೇಗವನ್ನು ಮಾತ್ರ. ಕಣಗಳೇ ಬೆರಳೆಣಿಕೆಯಷ್ಟಿದ್ದರೆ ನೌಕೆಗೆ ದಾಟುವ ಶಾಖ ನಗಣ್ಯ.

ಇವೆಲ್ಲ ದೂರದ ದೇಶದವರ ವಿದ್ಯೆ ಎಂದುಕೊಳ್ಳುವುದೂ ತಪ್ಪು. ಚಿಕ್ಕಬಳ್ಳಾಪುರ ಜಿಲ್ಲೆಯ ಗೌರಿಬಿದನೂರಿನ ಬಯಲಿನಲ್ಲಿ ಭಾರತೀಯ ಖಭೌತ ಸಂಸ್ಥೆಯ ಆಂಟೆನಾಗಳು ಸಾಲಾಗಿ ನಿಂತಿವೆ. ಸೂರ್ಯನ ಹೊರಕವಚ ಕರೋನಾದಲ್ಲಿ ಆಘಾತ ತರಂಗ ಎದ್ದರೆ, ಅದು ವೇಗ ಕೊಟ್ಟ ಎಲೆಕ್ಟ್ರಾನುಗಳಿಂದಾಗಿ ರೇಡಿಯೋ ಅಲೆಗಳು ಹೊಮ್ಮುತ್ತವೆ. ಪ್ಲಾಸ್ಮಾ ದಟ್ಟವಿದ್ದಷ್ಟೂ ಕಂಪನಾಂಕ ಹೆಚ್ಚು. ತರಂಗ ಮೇಲೇರಿದಂತೆ ಪ್ಲಾಸ್ಮಾ ತೆಳ್ಳಗಾಗುತ್ತದೆ, ಸಂಕೇತವೂ ಇಳಿಯುತ್ತದೆ: ನಮ್ಮ ಎಫ್‌ಎಂ ಬ್ಯಾಂಡಿನ ಆಸುಪಾಸಿನಿಂದ ನಿಮಿಷಗಳಲ್ಲೇ 40 ಮೆಗಾಹರ್ಟ್ಸ್‌ಗೆ. ಆ ಇಳಿತದ ಓರೆ ಅಳೆದರೆ ತರಂಗದ ವೇಗ ಸಿಗುತ್ತದೆ. ಹದಿನೈದು ಕೋಟಿ ಕಿಲೋಮೀಟರ್ ದೂರದ ಪೆಟ್ಟನ್ನು ರಾಗಿ ಹೊಲಗಳ ನಾಡಿನಲ್ಲಿ ಕೂತು ಅಳೆಯುವುದು ನನಗೆ ಇಂದಿಗೂ ರೋಮಾಂಚನದ ಸಂಗತಿ.

ಆ ವಾಟ್ಸಾಪ್ ಸಂದೇಶ ಸುಳ್ಳು, ಹಾಗಾದರೆ ಸೌರ ಬಿರುಗಾಳಿಯಿಂದ ಅಪಾಯವೇ ಇಲ್ಲವೇ? ಇದೆ, ಆದರೆ ಅಂಗಳದಲ್ಲಿ ನಿಂತ ಮನುಷ್ಯರ ಮೈಗಲ್ಲ. 1989ರ ಮಾರ್ಚ್‌ನಲ್ಲಿ ಕೆನಡಾದ ಕ್ವಿಬೆಕ್ ಪ್ರಾಂತ್ಯದ ವಿದ್ಯುತ್ ಜಾಲ ಕುಸಿದು 60 ಲಕ್ಷ ಜನ ಸುಮಾರು ಒಂಬತ್ತು ಗಂಟೆ ಕತ್ತಲಲ್ಲಿದ್ದರು. 2024ರ ಮೇ 10ರ ಬಿರುಗಾಳಿ ಎರಡು ದಶಕಗಳಲ್ಲೇ ಅತಿ ಪ್ರಬಲ. ಆ ರಾತ್ರಿ ಲಡಾಖಿನ ಹಾನ್ಲೆಯಲ್ಲಿ ಆಕಾಶ ಕೆಂಪೇರಿತ್ತು. ಆಗಲೇ ಭಾರತದ ಸೌರ ವೀಕ್ಷಣಾ ನೌಕೆ ಆದಿತ್ಯ-ಎಲ್1 ತನ್ನ ಜಾಗದಲ್ಲಿತ್ತು. 2023ರ ಸೆಪ್ಟೆಂಬರ್ 2ರಂದು ಹೊರಟು, 2024ರ ಜನವರಿ 6ರಂದು ಭೂಮಿಯಿಂದ ಸೂರ್ಯನ ದಿಕ್ಕಿಗೆ 15 ಲಕ್ಷ ಕಿ.ಮೀ. ದೂರದ ಕಕ್ಷೆ ಸೇರಿದ ನೌಕೆ ಅದು. ಅದರ ಆರು ಮೀಟರ್ ಉದ್ದದ ತೋಳಿನಲ್ಲಿರುವ ಕಾಂತಮಾಪಕಗಳು ತಯಾರಾದದ್ದು ಬೆಂಗಳೂರಿನಲ್ಲಿ. ಸೆಕೆಂಡಿಗೆ 800 ಕಿ.ಮೀ. ವೇಗದ ಆಘಾತ ತರಂಗ ಅಲ್ಲಿಂದ ಇಲ್ಲಿಗೆ ಬರಲು ಅರ್ಧ ಗಂಟೆ ಬೇಕು. ಅಷ್ಟು ಹೊತ್ತಿನಲ್ಲಿ ವಿದ್ಯುತ್ ಜಾಲದವರು ಲೋಡ್ ಹೊಂದಿಸಿಕೊಳ್ಳಬಹುದು, ಉಪಗ್ರಹ ನಡೆಸುವವರು ಸೂಕ್ಷ್ಮ ಉಪಕರಣಗಳನ್ನು ಬಂದ್ ಮಾಡಬಹುದು.